ಕಂಪ್ಯೂಟರು ಮಾತು ಬಿಟ್ಟ ಮಳೆಗಾಲ

ಹೋದ ತಿಂಗಳು ಹಿರೇಕೆರೂರಿನಿಂದ ಲಕ್ಷ್ಮೇಶ್ವರಕ್ಕೆ ಹೊರಟಿದ್ದೆ. ಹಾವೇರಿಯಲ್ಲಿ ಬಸ್ಸು ಬದಲಿಸಿ ಕಿಟಕಿಯ ಪಕ್ಕ ಕುಳಿತವಳಿಗೆ ಯಾವಾಗಲೋ ನಿದ್ದೆ ಹತ್ತಿತ್ತು. ಎಚ್ಚರವಾದದ್ದು ವಾಸನೆಗೆ. ಕಾದ ಎಣ್ಣೆಯಲ್ಲಿ ಕಡಲೆಹಿಟ್ಟು ಬೇಯುವ ವಾಸನೆ, ಅದರೊಳಗೆ ಮೆಣಸಿನಪುಡಿಯ ಘಾಟು, ಎಲ್ಲದರ ಕೆಳಗೆ ತೊಯ್ದ ಮಣ್ಣು. ಯಾವ ಊರು ಎಂದು ಯಾರನ್ನೂ ಕೇಳಬೇಕಾಗಲಿಲ್ಲ. ಸವಣೂರು. ಬಸ್‌ಸ್ಟ್ಯಾಂಡಿನ ಹಿಂದೆ ಖಾರ ಕರಿಯುತ್ತಿದ್ದರು.

ಪಕ್ಕದಲ್ಲಿದ್ದ ಹೆಣ್ಣುಮಗಳು, "ಅಕ್ಕಾರ, ಮೈಯಾಗ ಆರಾಮಿಲ್ಲೇನ್ರಿ? ಕೈ ನಡಗಾಕತ್ತಾವಲ್ಲ" ಎಂದಳು. ಆಗಲೇ ನನಗೆ ನನ್ನ ಕೈಯ ಕಡೆ ಗಮನ ಹೋದದ್ದು. ಏನಿಲ್ಲವ್ವ, ಚಳಿ ಎಂದೆ. ಆರು ವರ್ಷದ ಹಿಂದೆ ಇದೇ ಊರಿನಲ್ಲಿ ಕಳೆದ ಒಂದು ಮಳೆಗಾಲದ ಅಂಜಿಕೆ ಇನ್ನೂ ಮೈಯಲ್ಲಿ ಉಳಿದಿದೆ ಎಂಬುದನ್ನು, ಹತ್ತು ನಿಮಿಷ ನಿಲ್ಲುವ ಬಸ್ಸಿನಲ್ಲಿ, ಹೆಸರು ಗೊತ್ತಿಲ್ಲದವಳಿಗೆ ಹೇಗೆ ಹೇಳುವುದು?

ನಾನು ತಿಳವಳ್ಳಿಯವಳು. ಎಂಟನೇ ವಯಸ್ಸಿನಲ್ಲಿ ಜ್ವರ ಬಂದು ಎರಡೂ ಕಣ್ಣು ಹೋದವು. ಧಾರವಾಡದಲ್ಲಿ ಓದಿದೆ. ಅಲ್ಲಿ ನನಗೆ ಕಂಪ್ಯೂಟರ್ ಕಲಿಸಿದ ಗುರುಗಳೂ ಕಣ್ಣಿಲ್ಲದವರೇ. ಪರದೆಯ ಮೇಲೆ ಇರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಒಂದಿದೆ. ನಾವು ಒತ್ತಿದ ಒಂದೊಂದು ಅಕ್ಷರವನ್ನೂ, ಬರೆದ ಒಂದೊಂದು ಸಾಲನ್ನೂ ಅದು ಸ್ಪೀಕರಿನಲ್ಲಿ ನುಡಿಯುತ್ತದೆ. ಕಾಣುವವರಿಗೆ ಪರದೆ ಹೇಗೋ ನನಗೆ ಆ ದನಿ ಹಾಗೆ. ಅದು ಇದ್ದರೆ ನಾನು ಯಾವ ಟೈಪಿಸ್ಟಿಗೂ ಕಡಿಮೆ ಇಲ್ಲ. ಅದು ಇಲ್ಲದಿದ್ದರೆ ನನ್ನ ಮುಂದಿರುವುದು ಬೆಚ್ಚಗಿನ ಒಂದು ಪೆಟ್ಟಿಗೆ, ಅಷ್ಟೇ.

ಆ ವರ್ಷ ಸವಣೂರಿನ ಒಂದು ಕಚೇರಿಯಲ್ಲಿ ನನಗೆ ಗುತ್ತಿಗೆಯ ಮೇಲೆ ಬರವಣಿಗೆಯ ಕೆಲಸ ಸಿಕ್ಕಿತ್ತು. ಆರು ತಿಂಗಳ ಮಟ್ಟಿಗೆ. ಕೆಲಸ ನೋಡಿ ಮುಂದುವರಿಸುವುದೋ ಬಿಡುವುದೋ ಎಂದು ಸಾಹೇಬರು ನಿರ್ಧರಿಸುತ್ತಾರೆ. ಕಚೇರಿಯ ಕಂಪ್ಯೂಟರುಗಳಲ್ಲಿ ಈ ಓದುವ ವ್ಯವಸ್ಥೆ ಇರಲಿಲ್ಲ. ಗುರುಗಳು ಒಂದು ಹಳೆಯ ಡೆಸ್ಕ್‌ಟಾಪಿಗೆ ಪುಕ್ಕಟೆ ಸಿಗುವ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆ ಹಾಕಿ, ಅದರಲ್ಲಿ ಓದುವ ತಂತ್ರಾಂಶ ಕೂರಿಸಿ, ಧಾರವಾಡದಿಂದ ಕಳಿಸಿಕೊಟ್ಟರು. ಸಾಹೇಬರು ಒಪ್ಪಿದರು. "ಆದ್ರ ನೋಡ್ರಿ, ಈ ಮಷೀನಿಗೆ ನಮ್ಮ ಮಂದಿ ಕೈ ಹಚ್ಚೂದಿಲ್ಲ. ಏನಾದ್ರೂ ನೀವ ಜವಾಬ್ದಾರಿ" ಎಂದರು. ಹೂಂ ಎಂದೆ. ಆ ದಿನ ಕೆಲಸ ಸಿಕ್ಕ ಖುಷಿಯಲ್ಲಿ ಏನು ಕೇಳಿದ್ದರೂ ಹೂಂ ಎನ್ನುತ್ತಿದ್ದೆ.

ಕಚೇರಿಯ ಅಟೆಂಡರು ಮೌಲಾಸಾಬರು. ನಿವೃತ್ತಿಗೆ ವರ್ಷವೂ ಉಳಿದಿರಲಿಲ್ಲ. ನಾನು ಸೇರಿದ ಮೊದಲ ದಿನವೇ ಅವರು ಪಡಸಾಲೆಯಲ್ಲಿ ಯಾರಿಗೋ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. "ಕಣ್ಣಿಲ್ಲದಾಕಿ ಬರೂ ಕೆಲಸ ಏನ್ ಮಾಡ್ಯಾಳ್ರಿ? ನಾಕ ದಿನದಾಗ ತಾನ ಬಿಟ್ಟ ಹೋಗ್ತಾಳ." ಅಂದಿನಿಂದ ಅವರ ಚಪ್ಪಲಿಯ ಸಪ್ಪಳ ಕೇಳಿದರೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ನಡೆಯುವಾಗ ಅವರು ಅಂಗೈಯನ್ನು ಗೋಡೆಗೆ ಸವರಿಕೊಂಡು ಬರುತ್ತಿದ್ದರು, ಸರ್ ಸರ್ ಎಂದು. ಆ ಸದ್ದಿಗೂ ನಾನು ಹೆದರುತ್ತಿದ್ದೆ. ಯಾವುದೋ ಸಣ್ಣ ತಪ್ಪನ್ನು ಹುಡುಕಿಕೊಂಡು ಬರುತ್ತಿದ್ದಾರೆ ಅನ್ನಿಸುತ್ತಿತ್ತು.

ಪುನರ್ವಸು ಮಳೆ ಹಿಡಿದದ್ದು ಪುಷ್ಯ ಬಂದರೂ ಬಿಡಲಿಲ್ಲ. ಮಣ್ಣಿನ ಗೋಡೆಯ ಮನೆಗಳು ಒಂದೊಂದಾಗಿ ನೆಲ ಹಿಡಿದವು. ಮನೆ ಬಿದ್ದವರು ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ಕುಳಿತು ಹೇಳುವರು: ಯಾವ ದಿನ, ಯಾವ ಗೋಡೆ, ಒಳಗೆ ಯಾರು ಇದ್ದರು, ದನ ಕರು ಏನಾದವು. ನಾನು ಕೇಳುತ್ತ ಬೆರಳಾಡಿಸುವೆ. ಮುಗಿದ ಮೇಲೆ ಕಂಪ್ಯೂಟರು ಆ ಹೇಳಿಕೆಯನ್ನು ಅವರಿಗೇ ಓದಿ ಹೇಳುವುದು. ಸರಿ ಎಂದರೆ ಅಚ್ಚು ಹಾಕಿ ಹೆಬ್ಬೆಟ್ಟು ತೆಗೆದುಕೊಳ್ಳುವುದು. ಎರಡು ವಾರದಲ್ಲಿ ಅರವತ್ತಕ್ಕೂ ಹೆಚ್ಚು ಮನೆಯವರ ಹೇಳಿಕೆ ಅದರಲ್ಲಿ ಸೇರಿದ್ದವು. ಶುಕ್ರವಾರ ಎಲ್ಲವನ್ನೂ ಪಟ್ಟಿ ಮಾಡಿ ಹಾವೇರಿಗೆ ಕಳಿಸಬೇಕಿತ್ತು.

ಅದರ ಹಿಂದಿನ ಶನಿವಾರ ಫಕ್ಕೀರವ್ವ ಬಂದಳು. ವೀಳ್ಯದ ಎಲೆಬಳ್ಳಿ ತೋಟಗಳಲ್ಲಿ ಎಲೆ ಕೊಯ್ಯುವ ಮುದುಕಿ. ಒಬ್ಬಳೇ ಇದ್ದ ಮನೆ ಬಿದ್ದು ಸರಕಾರಿ ಶಾಲೆಯ ಕೋಣೆಯೊಂದರಲ್ಲಿ ಬೇರೆಯವರ ಜೊತೆ ಇದ್ದಳು. ಹೇಳಿಕೆ ಮುಗಿಯಿತು. ನಮ್ಮ ಕಂಪ್ಯೂಟರಿನ ಕನ್ನಡ ಪರದೇಶದವರ ಕನ್ನಡ. ಅದು ಅವಳ ಹೆಸರನ್ನು ತುಂಡು ತುಂಡು ಮಾಡಿ, "ಫಕಿ ರವ ವಾ" ಎಂದಿತು. ಮುದುಕಿ ಎದ್ದು ನಿಂತಳು.

"ಇದ್ಯಾರ ಹೆಸರವ್ವಾ?"

"ನಿಮ್ದ ಅಜ್ಜಿ. ಅದಕ್ಕ ಅನ್ನಾಕ ಬರೂದಿಲ್ಲ."

"ನನ್ನ ಹೆಸರ ಅನ್ನಾಕ ಬರದ್ದಕ್ಕ ನನ್ನ ಮನೀ ಸುದ್ದಿ ಏನ್ ತಿಳೀತತಿ? ಸರಿ ಅನ್ನಲಿ, ಆಮ್ಯಾಗ ಹೆಬ್ಬಟ್ಟ ಒತ್ತತೇನಿ."

ಕಾಯುತ್ತಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಅವಳು ಹೇಳಿದ್ದರಲ್ಲಿ ನ್ಯಾಯವಿತ್ತು. ಆಗಲಿ ಅಜ್ಜಿ, ಇದನ್ನ ಅಳಸ್ತೇನಿ, ಸೋಮವಾರ ಬರ್ರಿ, ಹೊಸದಾಗಿ ಬರಿಯೂಣು ಎಂದೆ.

ನಮ್ಮಂಥವರ ಫೋನಿನ ಗುಂಪಿನಲ್ಲಿ ಯಾರೋ ಹೊಸ ಕನ್ನಡ ದನಿಯೊಂದನ್ನು ಕಳಿಸಿದ್ದರು. ಬಲು ಸ್ವಚ್ಛ, ನಮ್ಮ ಮಂದಿ ಮಾತಾಡಿದ ಹಾಗೆಯೇ ಇದೆ ಎಂದು ಹೊಗಳಿದ್ದರು. ಗುರುಗಳು ಮೊದಲೇ ಎಚ್ಚರಿಸಿದ್ದರು, ನನ್ನ ಕೇಳದೆ ಏನೂ ಹೊಸದು ಕೂರಿಸಬೇಡ ಎಂದು. ಆದರೂ ಸೋಮವಾರ ಬೆಳಿಗ್ಗೆ ಕಚೇರಿ ತೆರೆಯುತ್ತಲೇ ಅದನ್ನು ಕೂರಿಸಲು ಕುಳಿತೆ. ಕಂಪ್ಯೂಟರು ಏನೇನೋ ಹೆಸರುಗಳ ಪಟ್ಟಿ ಓದತೊಡಗಿತು. ಇವನ್ನು ತರುತ್ತೇನೆ, ಇವನ್ನು ತೆಗೆಯುತ್ತೇನೆ, ಮುಂದುವರಿಯಲೇ? ಪಟ್ಟಿ ಉದ್ದವಿತ್ತು. ಹೊರಗೆ ಮಂದಿ ಸೇರುವ ಸಪ್ಪಳ ಕೇಳುತ್ತಿತ್ತು. ಪೂರ್ತಿ ಕೇಳಲಿಲ್ಲ. ಹೌದು ಎನ್ನುವ ವೈ ಕೀಲಿ ಒತ್ತಿದೆ.

ದನಿ ಒಂದು ಶಬ್ದದ ನಡುವೆ ನಿಂತಿತು.

ಕಾದೆ. ಬಾಣದ ಕೀಲಿ ಒತ್ತಿದೆ. ಮತ್ತೆ ಒತ್ತಿದೆ. ಫ್ಯಾನು ತಿರುಗುವ ಸದ್ದು ಬಿಟ್ಟರೆ ಏನೂ ಇಲ್ಲ. ಸ್ಪೀಕರಿನ ತಿರುಗಣೆ ತಿರುವಿದೆ. ಸಣ್ಣಗೆ ಜುಂಯ್ ಎಂದಿತು, ಅಂದರೆ ಸ್ಪೀಕರು ನೆಟ್ಟಗಿದೆ. ಮಾತು ಮಾತ್ರ ಹೋಗಿದೆ. ಎಂಟನೇ ವಯಸ್ಸಿನಲ್ಲಿ ಒಂದು ಮುಂಜಾನೆ ಎದ್ದು, ಅವ್ವಾ ಇನ್ನೂ ಯಾಕ ಬೆಳಕಾಗಿಲ್ಲ ಎಂದು ಕೇಳಿದ್ದೆ. ಆ ಮುಂಜಾನೆಯೇ ತಿರುಗಿ ಬಂದಂತಾಯಿತು.

ಬಂದ್ ಮಾಡಿ ಮತ್ತೆ ಹಚ್ಚಿದರೆ ಸರಿಹೋದೀತು ಎಂದು ಬೆರಳು ಬಟನ್ ತನಕ ಹೋಯಿತು. ಮುಟ್ಟಲು ಧೈರ್ಯ ಬರಲಿಲ್ಲ. ಹಚ್ಚಿದ ಮೇಲೆ ಏಳದೇ ಹೋದರೆ? ಅರವತ್ತು ಮನೆಯವರ ಹೇಳಿಕೆ ಅದರ ಹೊಟ್ಟೆಯಲ್ಲಿವೆ. ಅಚ್ಚಾದ ಹಾಳೆಗಳನ್ನು ನಾನು ಓದಲಾರೆ; ಶುಕ್ರವಾರದ ಪಟ್ಟಿ ಇದರಿಂದಲೇ ಆಗಬೇಕು.

ಅಷ್ಟರಲ್ಲಿ ಫಕ್ಕೀರವ್ವ ಬಂದು ಕುಳಿತಳು. "ಈಗರ ನನ್ನ ಹೆಸರ ಅಂತತೇನವ್ವಾ?"

ಆಗ ನಾನು ಮಾಡಿದ್ದನ್ನು ಬರೆಯಲು ಇವತ್ತಿಗೂ ನಾಚಿಕೆ. "ಇವತ್ತ ಅದು ಓದಂಗಿಲ್ಲ ಅಜ್ಜಿ. ನೀವು ಹೇಳ್ರಿ, ನಾ ಬರ್ಕೋತೇನಿ" ಎಂದೆ. ಅವಳು ಗೋಡೆ ಬಿದ್ದ ರಾತ್ರಿಯ ಕತೆಯನ್ನು ಮತ್ತೆ ಮೊದಲಿನಿಂದ ಹೇಳಿದಳು. ನಾನು ಬೆರಳಾಡಿಸುತ್ತ ಹೋದೆ. ಅಕ್ಷರಗಳು ಎಲ್ಲಿ ಬೀಳುತ್ತಿವೆ, ಬೀಳುತ್ತಿವೆಯೋ ಇಲ್ಲವೋ, ಯಾವುದೂ ಗೊತ್ತಿಲ್ಲ. ಮುಗಿದ ಮೇಲೆ ಅವಳು ಕೇಳಿದಳು, "ಎಲ್ಲಾ ಬರ್ಕೊಂಡ್ಯಾ?"

"ಬರ್ಕೊಂಡೆ ಅಜ್ಜಿ."

ಅಚ್ಚು ಹಾಕುವ ಧೈರ್ಯವಿರಲಿಲ್ಲ. ಖಾಲಿ ಹಾಳೆಯ ಕೆಳಗೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡೆ, ಮೇಲೆ ಆಮೇಲೆ ಅಚ್ಚು ಹಾಕುತ್ತೇನೆ ಎಂದು. ಹೆಸರಿಗಾಗಿ ಜಗಳ ಮಾಡಿದ್ದ ಮುದುಕಿ ಖಾಲಿ ಹಾಳೆಗೆ ಒಂದು ಮಾತೂ ಆಡದೆ ಒತ್ತಿದಳು. ಯಂತ್ರವನ್ನು ನಂಬದವಳು ನನ್ನನ್ನು ನಂಬಿದ್ದಳು. ಅವಳ ಹಿಂದೆ ಇನ್ನಿಬ್ಬರು ಬಂದರು. ಅವರದೂ ಹಾಗೆಯೇ ಮಾಡಿದೆ. ನಾಲ್ಕನೆಯವರು ಬರುವ ಹೊತ್ತಿಗೆ ಹೊಟ್ಟೆನೋವು ಎಂದು ಹೇಳಿ ಎದ್ದೆ.

ಮಂಗಳವಾರವೂ ಅದೇ ನೆಪ ಹೇಳಿಕೊಂಡು ಕುಳಿತೆ. ಫೋನಿನ ಕ್ಯಾಮೆರಾ ಹಿಡಿದು ಪರದೆಯನ್ನು ಓದಿಸಿ ನೋಡಿದೆ. ಕಪ್ಪು ಪರದೆಯ ಸಣ್ಣ ಅಕ್ಷರ ಅದಕ್ಕೆ ದಕ್ಕಲಿಲ್ಲ; ಅರ್ಧ ಶಬ್ದ, ಮಿಕ್ಕಿದ್ದೆಲ್ಲ ಕಸ. ಸಂಜೆ ಅವ್ವ ಫೋನು ಮಾಡಿ, "ಕೆಲಸ ಹೆಂಗ ನಡದೈತವ್ವ?" ಎಂದಳು. ಚೊಲೋ ನಡದೈತಿ ಎಂದೆ. ಕೆಲಸ ಹೋದರೆ ತಿಳವಳ್ಳಿಯ ಮನೆಯ ಕಟ್ಟೆ, ಹೋಗಿ ಬರುವವರ ಅಯ್ಯೋ ಪಾಪ ಎಂಬ ಮಾತು. ಆ ಕಟ್ಟೆಯ ಮೇಲೆ ಕುಳಿತ ನಾನು ನನಗೇ ಕಾಣತೊಡಗಿದ್ದೆ.

ಅವ್ವನ ಫೋನು ಇಟ್ಟ ಮೇಲೆ ಗುರುಗಳಿಗೆ ಹಚ್ಚಿದೆ. ಅತ್ತುಬಿಟ್ಟೆ. ಅವರು ಬೈಯಲಿಲ್ಲ.

"ಏನಾಗೇತಿ ಹೇಳ್ತೇನಿ ಕೇಳು. ಹೊಸ ದನಿ ತನಗ ಬೇಕಾದ ಹೊಸ ಪ್ಯಾಕೇಜ್ ಒಂದನ್ನ, ಅಂದ್ರ ತಂತ್ರಾಂಶದ ಒಂದ ಗಂಟನ್ನ, ಕರ್ಕೊಂಡ ಬಂದೈತಿ. ಅದು ಬಂದು ಹಳೇ ಪ್ಯಾಕೇಜನ್ನ ತಗದ ಒಗದೈತಿ. ನಮ್ಮ ಓದೂ ತಂತ್ರಾಂಶ ನಿಂತಿದ್ದು ಆ ಹಳೇದರ ಮ್ಯಾಲ. ಹೊಸದರ ಗುರ್ತ ಅದಕ್ಕಿಲ್ಲ. ಅದಕ್ಕ ಬಾಯಿ ಬಂದ್ ಆಗೇತಿ. ಹಳೇದನ್ನ ತಿರುಗಿ ತಂದ್ರ ಮಾತಾಡ್ತತಿ."

"ಹೇಳಿಕಿಗೋಳು?"

"ಇನ್ನೂ ಇರ್ತಾವು. ಆದ್ರ ಅವಸರ ಮಾಡಿದ್ರ ಎಲ್ಲಾ ಕೆಟ್ಟೀತು. ಪರದೇ ಮ್ಯಾಲ ಬಂದದ್ದನ್ನ ಯಾರರ ಅಕ್ಷರ ಅಕ್ಷರ ಓದಬೇಕು. ಅರ್ಥ ಆಗಬೇಕಂತಿಲ್ಲ. ಕಾಣೂ ಕಣ್ಣಿದ್ರ ಸಾಕು."

ಎರಡು ದಾರಿ ಹೇಳಿಕೊಟ್ಟರು. ಮೊದಲನೆಯದು, ಕಂಪ್ಯೂಟರಿಗೇ ಹೇಳಿ ರಿಪೇರಿ ಮಾಡಿಸುವುದು. ಅದು ಹೆಚ್ಚಿಗೆ ಏನಾದರೂ ತೆಗೆಯುತ್ತೇನೆ ಎಂದರೆ ಬೇಡ ಎನ್ನುವ ಎನ್ ಒತ್ತಿ ಎರಡನೆಯದಕ್ಕೆ ಹೋಗುವುದು: ಹೊಸ ದನಿಯನ್ನು ಒತ್ತಾಯದಿಂದ ಹೊರಹಾಕಿ, ಗೋದಾಮಿನಂಥ ಒಂದು ಫೋಲ್ಡರಿನಲ್ಲಿ ಬಿದ್ದಿರಬಹುದಾದ ಹಳೆಯ ಪ್ಯಾಕೇಜನ್ನು ಹುಡುಕಿ ನಾವೇ ಕೈಯಾರೆ ಕೂರಿಸುವುದು. ಕಂಪ್ಯೂಟರಿಗೆ ಟೈಪು ಮಾಡಿ ಕೊಡುವ ಅಪ್ಪಣೆಗಳನ್ನು, ಆ ಕಮಾಂಡುಗಳನ್ನು, ಬ್ರೈಲಿನ ಚುಕ್ಕಿಗಳಲ್ಲಿ ಚುಚ್ಚಿಕೊಂಡೆ.

ಬುಧವಾರ ಕಚೇರಿಯ ಎಲ್ಲರೂ ಬಿದ್ದ ಮನೆಗಳನ್ನು ನೋಡಲು ಹಳ್ಳಿಗಳಿಗೆ ಹೋದರು. ಉಳಿದವರು ಇಬ್ಬರು, ನಾನು ಮತ್ತು ಮೌಲಾಸಾಬರು. ಮಧ್ಯಾಹ್ನದ ತನಕ ಒಳಗೊಳಗೇ ವಾದ ಮಾಡಿಕೊಂಡೆ. ಇವರಿಗೆ ಹೇಳಿದರೆ ಸಾಹೇಬರಿಗೆ ಹೇಳಿದಂತೆಯೇ. ಹೇಳದಿದ್ದರೆ ಶುಕ್ರವಾರ ಹೇಗೂ ಬರುತ್ತದೆ. ಗೋಡೆ ಸವರುವ ಸದ್ದು ಹತ್ತಿರ ಬಂದಾಗ ಕರೆದೆ.

"ಮೌಲಾಸಾಬ್ರ, ನಿಮಗ ಇಂಗ್ಲಿಷ್ ಅಕ್ಷರ ಓದಾಕ ಬರ್ತಾವೇನ್ರಿ?"

"ಯಾಕ್ರಿ ಮೇಡಮ್ಮಾರ? ಹತ್ತನೇ ಇಯತ್ತೆ ತನಕ ಓದೇನಲ್ಲ."

ಎಲ್ಲ ಹೇಳಿದೆ. ಮಳೆ ಹೆಂಚಿನ ಮೇಲೆ ಸುರಿಯುತ್ತಿತ್ತು. ನನಗೆ ಬೇಕಾದ ಉತ್ತರ ಬರಲಿಕ್ಕಿಲ್ಲ ಎಂದುಕೊಳ್ಳುವಷ್ಟರಲ್ಲಿ ಕುರ್ಚಿ ಎಳೆದ ಸದ್ದಾಯಿತು.

ಮೊದಲನೆಯ ಕಮಾಂಡು ಕೊಟ್ಟೆ. ಅವರು ಓದತೊಡಗಿದರು. ಅಕ್ಷರ ಅಕ್ಷರವಾಗಿ, ನಡುನಡುವೆ ನಿಂತು, ಒಮ್ಮೆ ಎಲ್ ಎಂದದ್ದನ್ನು ಆಮೇಲೆ ಒಂದು ಎಂದು ತಿದ್ದಿ. ತೆಗೆಯುವ ಪಟ್ಟಿಯಲ್ಲಿ ಐದು ಹೆಸರು ಓದಿ, "ಅಷ್ಟ ರೀ. ಆಮ್ಯಾಗ ಮುಂದ ಹೋಗಲೇನು ಅಂತ ಕೇಳೇತಿ" ಎಂದರು.

ಐದೇ. ಐದಾದರೆ ಪರವಾಗಿಲ್ಲ ಎಂದು ವೈ ಕೀಲಿಯ ಮೇಲೆ ಬೆರಳಿಟ್ಟೆ. ಆಗ ಒಂದು ಸಣ್ಣ ಸದ್ದು ಕೇಳಿತು, ಟಕ್ ಎಂದು. ಕನ್ನಡಕ ಪರದೆಯ ಗಾಜಿಗೆ ತಾಗಿದ ಸದ್ದು. ಅವರ ಉಸಿರು ಪರದೆಗೆ ಬಡಿದು ತಿರುಗಿ ಬರುತ್ತಿರುವುದೂ ಆಗಲೇ ಕೇಳಿಸಿದ್ದು. ಇಷ್ಟು ಹತ್ತಿರ ಮುಖ ಇಟ್ಟು ಯಾರು ಓದುತ್ತಾರೆ? ಬೆರಳು ಎತ್ತಿಕೊಂಡೆ.

"ಆ ಪ್ರಶ್ನೆದ ಮ್ಯಾಲಿನ ಸಾಲಿನಾಗ ಕಡೀಗೆ ಒಂದು ಅಂಕಿ ಇರತೈತ್ರಿ. ಅದನ್ನೊಂದು ಸಾವಕಾಶ ಓದ್ರಿ."

ಟಕ್. "ಒಂದು... ನಾಕು... ಮೂರು."

ನೂರ ನಲವತ್ತಮೂರು. ಐದಲ್ಲ, ನೂರ ನಲವತ್ತಮೂರು ಪ್ಯಾಕೇಜುಗಳನ್ನು ಅದು ಕಿತ್ತುಹಾಕಲು ಹೊರಟಿತ್ತು. ಪರದೆ, ಬರೆಯುವ ತಂತ್ರಾಂಶ, ಓದುವ ತಂತ್ರಾಂಶ, ಹೆಚ್ಚುಕಡಿಮೆ ಎಲ್ಲ. ನಡುವಿನ ಸಾಲುಗಳು ಇವರಿಗೆ ಕಂಡೇ ಇರಲಿಲ್ಲ. ಎನ್ ಒತ್ತಿದೆ.

"ಕಾಕಾ," ಎಂದೆ. ಆ ತನಕ ಅವರನ್ನು ಹಾಗೆ ಕರೆದಿರಲಿಲ್ಲ. "ನಿಮ್ಮ ಕಣ್ಣು ಕಾಣಂಗಿಲ್ಲೇನ್ರಿ?"

ಕುರ್ಚಿ ಹಿಂದೆ ಸರಿದ ಸದ್ದಾಯಿತು. ಎದ್ದು ಹೋದರೇನೋ ಅನ್ನಿಸಿತು. ಆಮೇಲೆ ಅವರ ದನಿ ಬಂತು, ಯಾವತ್ತಿನ ದನಿಯಲ್ಲ.

"ಯಾರ ಮುಂದೂ ಹೇಳಬ್ಯಾಡ್ರಿ, ನಿಮ್ಮ ಕಾಲ ಬೀಳ್ತೇನಿ. ಪೊರಿ ಬಂದೈತಿ, ಎರಡಕ್ಕೂ. ಮಂಜಿನಾಗ ನಿಂತಂಗ ಕಾಣತೈತಿ. ಹನ್ನೊಂದ ತಿಂಗಳ ಉಳದಾವು. ಗೊತ್ತಾದ್ರ ಮನೀಗೆ ಕಳಸ್ತಾರ."

"ಆಪರೇಶನ್ ಮಾಡಿಸಿದ್ರ ಹೋಗ್ತತಲ್ರಿ?"

"ನಮ್ಮ ಅಣ್ಣಾನೂ ಹಂಗ ಅಂದು ಹೋಗಿದ್ದ. ಕೀವಾತು. ಇದ್ದದ್ದೂ ಹೋತು. ಹತ್ತ ವರ್ಷ ಮೂಲ್ಯಾಗ ಕುಂತು ಸತ್ತ." ಅವರು ಕುರ್ಚಿಯನ್ನು ಮತ್ತೆ ಹತ್ತಿರ ಎಳೆದುಕೊಂಡರು. "ನಿಮ್ಮನ್ನ ನೋಡಿದ್ರ ನನಗ ಅಂಜಿಕಿ ಬರ್ತಿತ್ರಿ. ನಾಳಿನ ನನ್ನ ಬಾಳೇ ಬಂದು ಎದುರಿಗೆ ಕುಂತಂಗ ಆಗ್ತಿತ್ತು. ಅದಕ್ಕ ಏನರ ಅಂದಿರ್ತೇನಿ. ಮನಸಿನಾಗ ಇಟ್ಕೋಬ್ಯಾಡ್ರಿ."

ಎರಡು ತಿಂಗಳು ನಾನು ಹೆದರಿದ್ದ ಮನುಷ್ಯ ನನಗೆ ಹೆದರಿ ಕುಳಿತಿದ್ದರು. ಗೋಡೆ ಸವರುವುದು ಯಾಕೆಂದು ಈಗ ತಿಳಿಯಿತು. ನಾನು ಕೋಲಿನಲ್ಲಿ ಮಾಡುವುದನ್ನು ಅವರು ಅಂಗೈಯಲ್ಲಿ ಮಾಡುತ್ತಿದ್ದರು. ಆಗ ಒಂದು ಉಪಾಯ ಹೊಳೆಯಿತು. ಕೆಲವು ಕೀಲಿ ಕೂಡಿಸಿ ಒತ್ತಿದರೆ ಪರದೆಯ ಅಕ್ಷರ ದೊಡ್ಡದಾಗುತ್ತದೆ ಎಂದು ಧಾರವಾಡದಲ್ಲಿ ಪಾಠ ಕೇಳಿದ್ದೆ. ನನಗೆ ಅದರಿಂದ ಏನಾಗಬೇಕು, ಎಂದೂ ಒತ್ತಿರಲಿಲ್ಲ. ಈಗ ಒತ್ತುತ್ತ ಹೋದೆ.

"ಏ, ಏ! ಸಾಕ್ರಿ! ಕಾಣ್ತಾವ ನೋಡ್ರಿ ಈಗ, ಭಜಿ ಭಜಿ ಅಷ್ಟ ಆಗ್ಯಾವು!"

ಅವರು ನಕ್ಕರು. ನನಗೂ ಆ ಮೂರು ದಿನದಲ್ಲಿ ಮೊದಲ ಸಲ ನಗು ಬಂತು.

ಎರಡನೆಯ ದಾರಿ ಹಿಡಿದೆವು. ಹೊಸ ದನಿಯನ್ನು ಹೊರಹಾಕುವ ಕಮಾಂಡು ಕೊಟ್ಟೆ. ಅವರು ಪ್ರತಿ ಅಕ್ಷರ ಓದಿದರು, ನಾನು ತಿರುಗಿ ಹೇಳಿದೆ, ಅವರು ಮತ್ತೊಮ್ಮೆ ನೋಡಿದರು. ಹೋಯಿತು. ಆಮೇಲೆ ಆ ಫೋಲ್ಡರು. ಒಂದೊಂದು ಹೆಸರೂ ಮೊಳದುದ್ದ. ಅರ್ಧ ಗಂಟೆ ಓದಿದ ಮೇಲೆ ಹಳೆಯ ಪ್ಯಾಕೇಜು ಸಿಕ್ಕಿತು. ಹೊಸದರ ಆವೃತ್ತಿ ಸಂಖ್ಯೆ ಒಂದು ಚುಕ್ಕಿ ಹನ್ನೊಂದು, ಇದರದು ಒಂದು ಚುಕ್ಕಿ ಒಂಬತ್ತು.

"ಒಂಬತ್ತ ಖರೇ ಏನ್ರಿ ಕಾಕಾ? ಎಂಟಲ್ಲಲ್ಲ?"

"ಒಂಬತ್ತ. ಕುರಾನ್ ಮ್ಯಾಲ ಕೈಯಿಟ್ಟ ಹೇಳ್ತೇನಿ."

ಕೂರಿಸುವ ಕಮಾಂಡು ಟೈಪು ಮಾಡಿ ಎಂಟರ್ ಒತ್ತಿದೆ. ಅದೇ ಕ್ಷಣ ತಲೆಯ ಮೇಲಿನ ಫ್ಯಾನು ನಿಧಾನವಾಗುತ್ತ ನಿಂತಿತು. ಮೇಜಿನ ಕೆಳಗೆ ಯುಪಿಎಸ್ ಕೂಗತೊಡಗಿತು. ಕರೆಂಟು ಹೋಗಿತ್ತು. ಆ ಯುಪಿಎಸ್ಸಿನ ಬ್ಯಾಟರಿ ಹಳೆಯದು. ಎಷ್ಟು ನಿಮಿಷ ತಡೆಯುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಅರ್ಧಕ್ಕೆ ನಿಂತರೆ ಏನಾಗುತ್ತದೆ ಎಂದು ಗುರುಗಳನ್ನು ಕೇಳಿರಲೂ ಇಲ್ಲ.

"ಏನ್ ಬಂದೈತ್ರಿ?"

"ಏನೂ ಬಂದಿಲ್ಲ. ಒಂದ ಗೆರಿ ಮಿಣಕ್ ಮಿಣಕ್ ಅನ್ನಾಕತ್ತೈತಿ."

ಕೂಗು ಸಮೀಪ ಸಮೀಪ ಬರತೊಡಗಿತು. ಮೊದಲು ನಾಲ್ಕು ಉಸಿರಿಗೊಂದು, ಆಮೇಲೆ ಎರಡಕ್ಕೊಂದು. ನಾನು ಯಾವ ದೇವರನ್ನು ನೆನೆದೆನೋ ನೆನಪಿಲ್ಲ. ಮೌಲಾಸಾಬರು ಬಾಯೊಳಗೇ ಏನೋ ಹೇಳಿಕೊಳ್ಳುತ್ತಿದ್ದರು.

"ಬಂತ್ರಿ! ಎಸ್... ಇ... ಟಿ..." ಎಂದು, ಕೂರಿಸುತ್ತಿದ್ದೇನೆ ಎನ್ನುವ ಇಂಗ್ಲಿಷ್ ಸಾಲನ್ನು ಅವರು ಶುರು ಮಾಡುವಷ್ಟರಲ್ಲಿ ನಾನು ದನಿಯನ್ನು ಎಬ್ಬಿಸುವ ಕೀಲಿ ಒತ್ತಿದೆ. ಸ್ಪೀಕರು ಕೆಮ್ಮಿದ ಹಾಗೆ ಸದ್ದು ಮಾಡಿತು. ಆಮೇಲೆ, ಆ ಪರದೇಶದ ಕನ್ನಡದಲ್ಲಿ, ಶಬ್ದ ಶಬ್ದ ಮುರಿದು, ಕಂಪ್ಯೂಟರು ಮಾತಾಡಿತು. ಒಂದೇ ಸಾಲು. ಅದರ ಬೆನ್ನಿಗೇ ಯುಪಿಎಸ್ ಬಾಯಿ ಮುಚ್ಚಿ ಎಲ್ಲ ಆರಿಹೋಯಿತು.

ಕರೆಂಟು ಬರಲು ಒಂದು ತಾಸು ಹಿಡಿಯಿತು. ಹಚ್ಚಿದ ಮೇಲೆ ಅದು ತಾನಾಗಿ ಮಾತಾಡಿತು. ಹಳೆಯ ಪ್ಯಾಕೇಜನ್ನು ಯಾರೂ ಅಲುಗಿಸದಂತೆ ಬಿಗಿ ಮಾಡುವ ಕೊನೆಯ ಕಮಾಂಡನ್ನೂ ಕೊಟ್ಟು, ಹೇಳಿಕೆಗಳ ಕಡತ ತೆಗೆದೆ. ಅರವತ್ತು ಚಿಲ್ಲರೆ ಮನೆಯವರೂ ಇದ್ದರು. ಸೋಮವಾರದ ಮೂವರು ಇರಲಿಲ್ಲ. ಫಕ್ಕೀರವ್ವ ಹೇಳಿದ್ದೆಲ್ಲ ಎಲ್ಲೂ ಮೂಡದೆ ಗಾಳಿಗೆ ಹೋಗಿತ್ತು.

ಗುರುವಾರ ಮಳೆಯಲ್ಲೇ, ಆ ಮೂವರೂ ಇದ್ದ ಶಾಲೆಗೆ ಹೊರಟೆ. ಮೌಲಾಸಾಬರು ಕೊಡೆ ಹಿಡಿದು ಜೊತೆ ಬಂದರು. ಹೊಂಡ ಎಲ್ಲಿವೆ ಎಂದು ಅವರ ಪಾದಕ್ಕೆ ಗೊತ್ತಿತ್ತು, ನನಗೆ ನನ್ನ ಕೋಲು. ಒಬ್ಬರ ತೋಳು ಒಬ್ಬರು ಹಿಡಿದು ನಡೆದೆವು. ಶಾಲೆಯ ಕೋಣೆಯಲ್ಲಿ ತೊಯ್ದ ಕಂಬಳಿಯ ವಾಸನೆ, ಎಲ್ಲೋ ಬೋಗುಣಿಗೆ ಹನಿ ಬೀಳುವ ಸದ್ದು. ಫಕ್ಕೀರವ್ವನ ಮುಂದೆ ಕುಳಿತು ಖಾಲಿ ಹಾಳೆಯನ್ನು ಅವಳ ಕೈಗೆ ಕೊಟ್ಟೆ.

"ಅಜ್ಜಿ, ಸೋಮವಾರ ನಾ ಸುಳ್ಳ ಹೇಳಿದೆ. ಏನೂ ಬರ್ಕೊಂಡಿರಲಿಲ್ಲ. ಮಷೀನ್ ಕೆಟ್ಟಿತ್ತು. ಅಂಜಿ ಹೇಳಲಿಲ್ಲ."

ಅವಳು ಹಾಳೆಯನ್ನು ಸಾವಕಾಶವಾಗಿ ಹರಿದಳು; ಒಂದು ಸಲ, ಎರಡು ಸಲ.

"ಯಾರಿಗೆ ಅಂಜಿದಿ? ನನಗಾ?"

"ಎಲ್ಲಾರಿಗೂ."

"ಗ್ವಾಡಿ ಬೀಳೂ ಮುಂದ ನಾನೂ ಅಂಜಿದ್ನಿ. ಅಂಜಿಕೊಂಡ ಒಳಗ ಕುಂತಿದ್ರ ಈಗ ಮಣ್ಣಾಗಿರ್ತಿದ್ನಿ. ಹೊರಗ ಓಡಿ ಬರಬೇಕವ್ವ." ಅವಳು ನನ್ನ ಕೈಯನ್ನು ಎಳೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಎಲೆ ಕೊಯ್ದು ಕೊಯ್ದು ಅವಳ ಹೆಬ್ಬೆರಳ ಉಗುರು ದಪ್ಪಗೆ, ಒರಟಾಗಿತ್ತು. "ಮತ್ತ ಹೇಳ್ತೇನಿ, ಬರಕೋ. ನಿನ್ನ ಮಷೀನಿಗೆ ನನ್ನ ಹೆಸರ ಬರದಿದ್ರ ನೀ ಓದಿ ಹೇಳು. ನಿನಗ ಬರ್ತತಲ್ಲ?"

ಬರುತ್ತಿತ್ತು. ಅದು ನನಗೆ ಹೊಳೆದೇ ಇರಲಿಲ್ಲ. ಅವತ್ತು ಅಲ್ಲೇ ಕುಳಿತು ಬ್ರೈಲಿನಲ್ಲಿ ಮೂವರ ಹೇಳಿಕೆಯನ್ನೂ ಚುಚ್ಚಿಕೊಂಡು ನನ್ನ ಬಾಯಿಂದಲೇ ಓದಿ ಹೇಳಿದೆ. ಫಕ್ಕೀರವ್ವ ಎಂದಾಗ ಅವಳು ಹೂಂ ಎಂದಳು. ಆಮೇಲಿನಿಂದ ಕಚೇರಿಯಲ್ಲೂ ಕಂಪ್ಯೂಟರಿನ ದನಿಯನ್ನು ಇಯರ್‌ಫೋನಿನಲ್ಲಿ ಕೇಳಿಸಿಕೊಂಡು, ಬಂದವರಿಗೆ ನಾನೇ ಓದಿ ಹೇಳುತ್ತ ಬಂದೆ. ಹೊಸ ದನಿಯ ಅಗತ್ಯವೇ ಬೀಳಲಿಲ್ಲ.

ಶುಕ್ರವಾರ ಪಟ್ಟಿ ಸಾಹೇಬರ ಮೇಜಿನ ಮೇಲಿಟ್ಟು ನಡೆದದ್ದನ್ನು ಹೇಳಿದೆ. ಮೌಲಾಸಾಬರ ಕಣ್ಣಿನ ಮಾತು ಬಿಟ್ಟು, ಉಳಿದದ್ದೆಲ್ಲ. ಖಾಲಿ ಹಾಳೆಯ ಸುದ್ದಿಗೆ ಅವರ ಪೆನ್ನು ಮೇಜಿಗೆ ಬಡಿದ ಸದ್ದಾಯಿತು. "ಇದು ಸಣ್ಣ ತಪ್ಪಲ್ಲ ಅನ್ನೂದು ಗೊತ್ತೈತೇನ್ರಿ?" ಎಂದರು. ಗೊತ್ತೈತ್ರಿ ಎಂದೆ. ಹಾಳೆ ತಿರುವುವ ಸದ್ದು ಬಹಳ ಹೊತ್ತು ಕೇಳಿಸಿತು. ಕೊನೆಗೆ, "ಇನ್ನೊಮ್ಮೆ ಏನಾದ್ರೂ ಆದ್ರ ಅವತ್ತ ಹೇಳಬೇಕು. ಮೂರ ದಿನ ಬಿಟ್ಟಲ್ಲ. ಹೋಗ್ರಿ" ಎಂದರು. ಹೋಗ್ರಿ ಎಂದದ್ದು ಮೇಜಿಗೋ ಮನೆಗೋ ತಿಳಿಯದೆ ಬಾಗಿಲಲ್ಲಿ ನಿಂತೆ. "ಕೆಲಸಕ್ಕ ಹೋಗ್ರಿ" ಎಂದರು. ಆರು ತಿಂಗಳಾದ ಮೇಲೆ ನನ್ನನ್ನು ಮುಂದುವರಿಸಿದರು.

ಮಳೆ ನಿಂತು ದಸರೆ ಹತ್ತಿರ ಬಂದಾಗ ಮೌಲಾಸಾಬರು ನನ್ನ ಮೇಜಿನ ಹತ್ತಿರ ಬಂದು, "ಹುಬ್ಬಳ್ಳಿಗೆ ಹೋಗೂದಂತ ಮಾಡೇನಿ. ನೀವು ಬರ್ತೀನಿ ಅಂದ್ರ" ಎಂದರು. ಶಾಲೆಯಿಂದ ತಿರುಗಿ ಬರುವಾಗಿನಿಂದ ಆಪರೇಶನ್ ಮಾಡಿಸಿಕೊಳ್ಳಿ ಎಂದು ನಾನೇ ಒತ್ತಾಯಿಸುತ್ತಿದ್ದೆ. ಹೊರಗ ಓಡಿ ಬರಬೇಕು ಎಂಬ ಫಕ್ಕೀರವ್ವನ ಮಾತನ್ನೇ ಅವರಿಗೆ ದಿನಕ್ಕೊಮ್ಮೆ ಹೇಳುತ್ತಿದ್ದೆ. ಬರುತ್ತೇನೆ ಎಂದೆ.

ಆಸ್ಪತ್ರೆಯ ಬೆಂಚಿನ ಮೇಲೆ ಅವರ ಮನೆಯಾಕೆ ಖೈರೂನಬಿ ಮತ್ತು ನಾನು ಕುಳಿತಿದ್ದೆವು. ಸ್ಪಿರಿಟ್ಟಿನ ವಾಸನೆ, ಒಳಗೆ ಸ್ಟ್ರೆಚರಿನ ಗಾಲಿಯ ಸದ್ದು. ಆಗ ಬಂದ ಅಂಜಿಕೆಯ ಮುಂದೆ ಹಿಂದಿನದೆಲ್ಲ ಏನೂ ಅಲ್ಲ. ಕಂಪ್ಯೂಟರು ಕೆಟ್ಟಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ಈ ಕಣ್ಣು ಹೋದರೆ ಅವರ ಬಾಳೇ ಹೋಗುತ್ತದೆ, ಒತ್ತಾಯಿಸಿ ಕರೆತಂದವಳು ನಾನು. ಅವರ ಅಣ್ಣ ಹತ್ತು ವರ್ಷ ಮೂಲೆಯಲ್ಲಿ ಕುಳಿತದ್ದು ನೆನಪಾಗುತ್ತಿತ್ತು. ಖೈರೂನಬಿ ಜಪಸರ ಎಣಿಸುತ್ತಿದ್ದರು. ನನಗೆ ಎಣಿಸಲು ಏನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಕಣ್ಣಿನ ಪಟ್ಟಿ ಬಿಚ್ಚುವಾಗ ನಮ್ಮನ್ನು ಒಳಗೆ ಕರೆದರು. ಅಂಟು ಬಿಡಿಸುವ ಸದ್ದು ಕೇಳಿತು. ಹನಿ ಹಾಕಿದರು. ಕಣ್ಣು ತೆಗೀರಿ ಎಂದರು. ಖೈರೂನಬಿಯ ಜಪಸರ ನಿಂತಿತು. ನಾನು ಮಂಚದ ಕಬ್ಬಿಣ ಹಿಡಿದು ನಿಂತಿದ್ದೆ.

"ಕಾಕಾ?" ಎಂದೆ.

ಅವರು ನನ್ನ ಕಡೆ ಹೊರಳಿದ್ದು ಮಂಚದ ಕಿರುಗುಟ್ಟುವಿಕೆಯಿಂದ ತಿಳಿಯಿತು.

"ಯವ್ವಾ," ಎಂದರು. "ನೀ ಇಷ್ಟ ಸಣ್ಣಾಕಿ ಅದೀಯಾ? ನಾ ನಿನ್ನ ದೊಡ್ಡಾಕಿ ಅಂತ ತಿಳಕೊಂಡಿದ್ನಲ್ಲವಾ. ನನ್ನ ಮಗಳಗಿಂತ ಸಣ್ಣಾಕಿ ಅದೀ."

ಅಲ್ಲಿಯ ತನಕ ಅವರು ನನ್ನನ್ನು ಒಮ್ಮೆಯೂ ನೀ ಎಂದಿರಲಿಲ್ಲ. ಹೌದು ಕಾಕಾ ಎಂದೆ. ಅಳುತ್ತಿದ್ದೆ. ಅದೂ ಅವರಿಗೆ ಕಾಣುತ್ತಿದೆ ಎಂಬುದು ನನಗೆ ಸ್ವಲ್ಪ ಹೊತ್ತಿನ ಮೇಲೆ ಹೊಳೆಯಿತು.